ಪಾಯ ತೋಡುವ ಮೊದಲು ಲೆಕ್ಕ ಹಾಕಿ

ಮನೆ ಕಟ್ಟುವಾಗ ಮೇಸ್ತ್ರಿ ಹೇಳುವ ಚದರದ (ಒಂದು ಚದರ ಅಂದರೆ 100 ಚದರ ಅಡಿ) ರೇಟಿನಿಂದ ಖರ್ಚಿನ ಲೆಕ್ಕ ಶುರು ಮಾಡಬೇಡಿ, ಮಣ್ಣಿನಿಂದ ಮಾಡಿ. ದಾವಣಗೆರೆ ಸುತ್ತ ಎಷ್ಟೋ ಕಡೆ ಎರೆ ಮಣ್ಣು, ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಹಾಗಾಗಿ ಗಟ್ಟಿ ನೆಲ ಸಿಗುವವರೆಗೆ ಒಂದು ಗುಂಡಿ ತೆಗೆಸಿ ನೋಡಿ, ಆಮೇಲೆ ಇಂಜಿನಿಯರ್ ಹತ್ತಿರ ಪಾಯದ ಖರ್ಚನ್ನು ಬೇರೆಯಾಗಿಯೇ ಬರೆಸಿಕೊಳ್ಳಿ. ಸೈಟಿನ ಖಾತೆ, ಪ್ಲಾನ್ ಮಂಜೂರಾತಿ ಸರಿ ಇಲ್ಲದಿದ್ದರೆ ಬ್ಯಾಂಕ್ ಸಾಲ ಕಷ್ಟ.

30‍×‍40 ಸೈಟು ಅಂದರೆ 12 ಚದರ. ಆದರೆ ಸುತ್ತ ಜಾಗ ಬಿಡಬೇಕು ಅಲ್ವಾ, ಪೂರ್ತಿ ಸಿಗುವುದಿಲ್ಲ. ರೇಟಿನಲ್ಲಿ ಸಂಪು, ಕಾಂಪೌಂಡ್, ಬೋರ್‌ವೆಲ್, ಕರೆಂಟ್ ಕನೆಕ್ಷನ್ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಸಾಮಾನ್ಯವಾಗಿ ಸೇರಿರುವುದಿಲ್ಲ, ಯಾರೂ ತಾವಾಗಿ ಹೇಳುವುದೂ ಇಲ್ಲ. ಒಟ್ಟು ಮೊತ್ತದ ಮೇಲೆ 10ರಿಂದ 15 ಪರ್ಸೆಂಟ್ ಜಾಸ್ತಿ ಇಟ್ಟುಕೊಳ್ಳಿ. ದುಡ್ಡು ಸಾಲದಿದ್ದರೆ ಮಹಡಿ ಈಗ ಬೇಡ, ಆದರೆ ಪಿಲ್ಲರ್ ಮಾತ್ರ ಮಹಡಿಯ ಭಾರಕ್ಕೂ ಸೇರಿಸಿಯೇ ಹಾಕಿಸಿ.