ಅವಳು, ಅವಳನ್ನು, ಅವನಿಗೆ: ಆಕ್ಷನ್ ಕಾರ್ಟೂನಿನ ಹುಡುಗಿಯರನ್ನು ಮಕ್ಕಳ ಜೊತೆ ಕೂತು ನೋಡುವ ಬಗೆ

ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗಳೂ ಅಣ್ಣನ ಮಗನೂ ನಡುಮನೆಯಲ್ಲಿ ನರುಟೊ ಆಟ ಆಡುತ್ತಿದ್ದರು. ನರುಟೊ, ಸಾಸುಕೆ ಎಂಬ ಹುಡುಗರೂ ಸಕುರಾ ಎಂಬ ಹುಡುಗಿಯೂ ಒಂದೇ ತಂಡದಲ್ಲಿರುವ ಜಪಾನಿ ನಿಂಜಾ ಕಾರ್ಟೂನು ಅದು. ‘ನೀನು ಸಕುರಾ ಆಗು’ ಅಂದ ಅವನು. 11 ವರ್ಷದ ನನ್ನ ಮಗಳು ಥಟ್ಟನೆ, ‘ಬೇಡ, ಅವಳು ಸಾಸುಕೆ ಸಾಸುಕೆ ಅಂತ ಕೂಗೋದು ಬಿಟ್ರೆ ಏನೂ ಮಾಡಲ್ಲ. ನಾನು ಶತ್ರು ಆಗ್ತೀನಿ’ ಅಂದಳು. ಅಡುಗೆಮನೆಯಲ್ಲಿದ್ದ ನನಗೆ ಆ ಮಾತು ಚುಚ್ಚಿತು. ಶತ್ರುವಾದರೂ ಸರಿ, ಹುಡುಗಿ ಬೇಡ ಅನ್ನುವಷ್ಟರ ಮಟ್ಟಿಗೆ ಒಂದು ಕಾರ್ಟೂನು ಅವಳಿಗೆ ಕಲಿಸಿಬಿಟ್ಟಿತಲ್ಲ ಎಂದು.

ಟಿವಿ ಬಂದ್ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ನಾನು ಡ್ರಾಯಿಂಗ್ ಟೀಚರ್. ಚಿತ್ರವನ್ನು ನೋಡುವುದನ್ನು ಕಲಿಸುವುದೇ ನನ್ನ ಕೆಲಸ. ಹಾಗಾಗಿ ಆ ರಜೆಯಲ್ಲಿ ಮಕ್ಕಳ ಜೊತೆ ಕೂತು ಒಂದು ಅಭ್ಯಾಸ ಮಾಡಿಕೊಂಡೆ. ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಬೇಕಾಗುವುದು ಒಂದು ನೋಟ್‌ಬುಕ್, ಕೆಂಪು ಮತ್ತು ನೀಲಿ ಪೆನ್ನು, ಒಂದು ಪೆನ್ಸಿಲ್, ಮತ್ತೆ ಕಥೆ ಕೇಳುವುದಕ್ಕೆ ಒಬ್ಬ ಅಜ್ಜಿ.

ಮೊದಲು ಮೈ ನೋಡುವುದು. ಸೌಂಡ್ ಪೂರ್ತಿ ಇಳಿಸಿ. ಹುಡುಗಿ ಮೊದಲ ಸಲ ತೆರೆಗೆ ಬಂದಾಗ, ಅವಳು ಹೊಡೆಯುವಾಗ, ಅವಳಿಗೆ ಏಟು ಬಿದ್ದಾಗ, ಹೀಗೆ ಮೂರು ಕಡೆ ನಿಲ್ಲಿಸಿ. ಮಗುವಿನ ಕೈಲಿ ಕಡ್ಡಿ ಚಿತ್ರ ಬರೆಸಿ: ತಲೆಗೆ ಒಂದು ಸೊನ್ನೆ, ಬೆನ್ನಿಗೆ ಒಂದು ಗೆರೆ, ಭುಜಕ್ಕೊಂದು, ಸೊಂಟಕ್ಕೊಂದು, ಆಮೇಲೆ ಕೈಕಾಲು. ಈಗ ಎದ್ದು ಹಾಗೇ ನಿಲ್ಲುವುದಕ್ಕೆ ಹೇಳಿ. ಎಷ್ಟೋ ಸರಣಿಗಳಲ್ಲಿ ಹೆಣ್ಣಿನ ಬೆನ್ನುಗೆರೆಯನ್ನು ಎದೆಯೂ ಸೊಂಟವೂ ಒಟ್ಟಿಗೆ ನೋಡುಗರ ಕಡೆಗೇ ಬರುವಂತೆ ಬಳುಕಿಸಿ ಬರೆದಿರುತ್ತಾರೆ. ಹಾಗೆ ನಿಂತು ಯಾರೂ ಗುದ್ದಲಾರರು. ನನ್ನ ಮಗಳು ಒಂದು ಕಾಲು ಎತ್ತಿದವಳೇ ದಿಂಬಿನ ಮೇಲೆ ಬಿದ್ದಳು.

ಆಮೇಲೆ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಹಾಕಿದೆವು. 2005ರಿಂದ 2008ರವರೆಗೆ ಬಂದ 61 ಕಂತುಗಳ ಸರಣಿ ಅದು. ಎರಡನೆಯ ಭಾಗದಲ್ಲಿ ಬರುವ ಟಾಫ್ ಎಂಬ ಪುಟ್ಟ ಹುಡುಗಿಗೆ ಕಣ್ಣು ಕಾಣುವುದಿಲ್ಲ. ನೆಲದ ಕಂಪನವನ್ನು ಬರಿಗಾಲಿನಿಂದ ತಿಳಿಯುತ್ತಾಳೆ. ಕುಸ್ತಿ ಅಖಾಡದಲ್ಲಿ ಅವಳ ಎದುರಿಗೆ ಬೌಲ್ಡರ್ ಎಂಬ ದಢೂತಿ ಜಟ್ಟಿ. ಅವನು ಕಾಲೆತ್ತಿ ನೆಲಕ್ಕೆ ಊರುತ್ತಿದ್ದ ಹಾಗೇ ಅವಳು ಅವನ ಪಾದದಡಿಯ ಮಣ್ಣನ್ನೇ ಪಕ್ಕಕ್ಕೆ ಸರಿಸುತ್ತಾಳೆ, ಅವನ ಎರಡೂ ಕಾಲು ಅಗಲಿಸಿಕೊಂಡು ನೆಲಕ್ಕೆ ಕೂರುತ್ತವೆ. ಅಲ್ಲೇ ನಿಲ್ಲಿಸಿ ಟಾಫ್‌ಳ ಕಡ್ಡಿ ಚಿತ್ರ ಬರೆದೆವು. ಪಾದ ಅಗಲ, ಮಂಡಿ ಬಾಗಿದೆ, ಬೆನ್ನು ನೆಟ್ಟಗೆ. ಮಗಳು ಹಾಗೆ ನಿಂತಾಗ ಭುಜ ಹಿಡಿದು ತಳ್ಳಿದೆ, ಅಲುಗಲಿಲ್ಲ. ಟಾಫ್‌ಳ ವರಸೆಗೆ ದಕ್ಷಿಣ ಚೀನಾದ ಪ್ರೇಯಿಂಗ್ ಮ್ಯಾಂಟಿಸ್ ಎಂಬ ಸಮರಕಲೆ ಆಧಾರ, ಅದೇ ಸರಣಿಯ ಇನ್ನೊಬ್ಬ ಹುಡುಗಿ ಕಟಾರಾಳ ವರಸೆಗೆ ತಾಯ್ ಚಿ. ಟಾಫ್ ಪಾತ್ರವನ್ನು ಮೊದಲು ಯೋಚಿಸಿದ್ದು ಗಟ್ಟಿಮುಟ್ಟಾದ ಹುಡುಗನನ್ನಾಗಿ, ಆಮೇಲೆ ಹುಡುಗಿಯನ್ನಾಗಿ ಬದಲಾಯಿಸಿದರು. ಬದಲಾಯಿಸುವಾಗ ಅವಳ ಬಲವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಲಿಲ್ಲ. ನನಗೆ ಟಾಫ್ ತುಂಬ ಇಷ್ಟವಾಗುವುದು ಇದಕ್ಕೇ.

ಇನ್ನು ಕಥೆ. ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ರಾತ್ರಿ ಊಟ ಮುಗಿಸಿ ಅವರು ಎಲೆ ಅಡಿಕೆ ಹಾಕಿಕೊಂಡು ಕೂತಾಗ, ಅವತ್ತು ನೋಡಿದ ಕಂತನ್ನು ಮಕ್ಕಳು ಕನ್ನಡದಲ್ಲಿ ಹೇಳಬೇಕು. ಹತ್ತೇ ವಾಕ್ಯ. ನಾನು ಬರೆದುಕೊಳ್ಳುತ್ತೇನೆ. ಆಮೇಲೆ ‘ಅವಳು’ ಅಂತ ಬಂದ ಕಡೆಯೆಲ್ಲ ಕೆಂಪು ಗೆರೆ, ‘ಅವಳನ್ನು’ ಬಂದಲ್ಲಿ ನೀಲಿ ಗೆರೆ, ಅವಳು ಮಾಡಿದ ಕೆಲಸ ‘ಅವನಿಗೆ’ ಎಂದು ಮುಗಿದರೆ ಪೆನ್ಸಿಲಿನ ಸುತ್ತು. ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿಗೆ ಇಂಥ ಉಪಯೋಗ ಇದೆಯೆಂದು ನನಗೂ ಗೊತ್ತಿರಲಿಲ್ಲ. ಅವಳನ್ನು ಹಿಡಿದರು, ಅವಳನ್ನು ಕಟ್ಟಿದರು, ಅವಳನ್ನು ಬಿಡಿಸಿದರು ಅಂತ ಪುಟವೆಲ್ಲ ನೀಲಿಯಾದರೆ ಮಕ್ಕಳಿಗೆ ಬೇರೆ ವಿವರಣೆಯೇ ಬೇಡ. ಪೆನ್ಸಿಲ್ ಸುತ್ತು ಹೊಳೆದದ್ದು ‘ಛೋಟಾ ಭೀಮ್’ನಿಂದ. 2008ರಿಂದ ನಮ್ಮ ಮಕ್ಕಳು ನೋಡುತ್ತಿರುವ ಆ ಸರಣಿಯಲ್ಲಿ ಚುಟ್ಕಿ ಜಾಣೆ, ಧೈರ್ಯವಂತೆ. ಆದರೆ ಸಂಕಟದ ಹೊತ್ತಿಗೆ ಅವಳು ಲಡ್ಡು ಕೊಡುವುದು ಭೀಮನಿಗೆ, ಬಲ ಬರುವುದೂ ಅವನಿಗೆ.

ಈ ಗೆರೆಗಳು ಎಷ್ಟು ದೂರ ಕರೆದುಕೊಂಡು ಹೋಗುತ್ತವೆ ಎನ್ನುವುದಕ್ಕೆ ಕಟಾರಾಳ ಒಂದು ಕಂತು ಹೇಳಬೇಕು. ಮೊದಲ ಭಾಗದ 18ನೆಯದು. ನೀರನ್ನು ಆಡಿಸುವ ಜಲವಿದ್ಯೆ ಕಲಿಯಲು ಅವಳು ಉತ್ತರ ಧ್ರುವದ ತನಕ ಬಂದಿದ್ದಾಳೆ. ಗುರು ಪಕ್ಕು, ‘ನಮ್ಮಲ್ಲಿ ಹೆಂಗಸರಿಗೆ ಯುದ್ಧವಿದ್ಯೆ ಕಲಿಸುವ ಪದ್ಧತಿ ಇಲ್ಲ, ಹೋಗಿ ಗಾಯ ವಾಸಿಮಾಡುವುದು ಕಲಿ’ ಎನ್ನುತ್ತಾನೆ. ಅವಳು ಎಲ್ಲರೆದುರು ಅವನನ್ನು ಕಾಳಗಕ್ಕೆ ಕರೆದು ಕಾದಾಡುತ್ತಾಳೆ. ನೀನು ಈ ವಿದ್ಯೆಯಲ್ಲಿ ಪಳಗಿದವಳು ಎಂದು ಅವನೇ ಒಪ್ಪುತ್ತಾನೆ, ಆದರೂ ಕಲಿಸುವುದಿಲ್ಲ ಎನ್ನುತ್ತಾನೆ. ಕೊನೆಗೆ ಮಂಜಿನ ಈಟಿಗಳ ನಡುವೆ ಅವಳನ್ನು ಸಿಕ್ಕಿಸಿ ನಿಲ್ಲಿಸುತ್ತಾನೆ. ಅಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ ಅವಳ ಕೊರಳಿನ ಹಾರ ಅವನ ಕಣ್ಣಿಗೆ ಬೀಳುತ್ತದೆ. 60 ವರ್ಷದ ಹಿಂದೆ ತಾನು ಮದುವೆಯಾಗಬೇಕಿದ್ದ ಕಾನ್ನಾಳಿಗೆಂದು ಅವನೇ ಮಾಡಿದ ಹಾರ. ಆ ಕಾನ್ನಾ ಕಟಾರಾಳ ಅಜ್ಜಿ. ಪಕ್ಕುವಿನ ಮನಸ್ಸು ಕರಗುತ್ತದೆ, ಕಟಾರಾ ಶಿಷ್ಯೆಯಾಗುತ್ತಾಳೆ.

ಪುಟದಲ್ಲಿ ಕೆಂಪು ಗೆರೆ ಏಳು, ನೀಲಿ ಒಂದು. ನನಗೆ ಸಂತೋಷವಾಯಿತು. ಮಗಳು ಮಾತ್ರ ಕೊನೆಯ ವಾಕ್ಯವನ್ನೇ ನೋಡುತ್ತಾ, ‘ಅಮ್ಮ, ಹಾರ ಇಲ್ದೇ ಇರೋ ಹುಡುಗಿ ಬಂದಿದ್ರೆ ಕಲಿಸ್ತಿದ್ನಾ?’ ಎಂದಳು. ಉತ್ತರ ನನ್ನ ಬಾಯಿಗೆ ಬರಲಿಲ್ಲ. ಅಷ್ಟು ಹೋರಾಡಿದ ಹುಡುಗಿಗೆ ಬಾಗಿಲು ತೆರೆದದ್ದು ಒಬ್ಬ ಮುದುಕನ ಹಳೆಯ ಪ್ರೀತಿ ಎನ್ನುವುದು ಆ ಕಂತಿನ ಕೊರತೆಯೇ. ನಮ್ಮಮ್ಮ ಅಡಿಕೆ ಜಗಿಯುತ್ತಾ, ‘ಆ ಕಾನ್ನಾ ಯಾಕೆ ಊರು ಬಿಟ್ಟಳು?’ ಅಂದರು. ಆ ಊರಿನ ಕಟ್ಟಳೆ ತನ್ನ ಬದುಕನ್ನು ಆಳುವುದು ಬೇಡವೆಂದು, ಅಂದಳು ಮಗಳು. ‘ಹಾಗಾದ್ರೆ ಅವಳಿಗೂ ಒಂದು ಕೆಂಪು ಗೆರೆ ಹಾಕು’ ಎಂದರು ಅಮ್ಮ. ತೆರೆಯ ಮೇಲೆ ಆ ಜಾಗದಲ್ಲಿ ಇಲ್ಲದೇ ಇರುವ ಹೆಂಗಸಿಗೆ ನಾವು ಗೆರೆ ಹಾಕಿದ್ದು ಅದೇ ಮೊದಲು. ಅಂದಿನಿಂದ ಅದೂ ನಿಯಮವಾಯಿತು: ಹಿಂದೆ ಯಾರ ನಿರ್ಧಾರ ಇದೆ ಎಂದು ಕೇಳುವುದು.

ಎರಡು ಹೆಣ್ಣು ಪಾತ್ರಗಳು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತವೆಯೇ ಎಂಬ ಬೆಕ್ಡೆಲ್ ಪರೀಕ್ಷೆಯನ್ನು ನೀವು ಕೇಳಿರಬಹುದು. 1985ರ ಒಂದು ಚಿತ್ರಪಟ್ಟಿಯಿಂದ ಬಂದದ್ದು. ಬೇಗ ಮಾಡಬಹುದು, ಮಾಡಿ. ಆದರೆ ಅಲ್ಲಿಗೇ ನಿಲ್ಲಬೇಡಿ.

ಅದಕ್ಕಿಂತ ಮುಖ್ಯವಾದದ್ದು, ಸೋತು ಕಲಿಯುವುದಕ್ಕೆ ಕಥೆ ಯಾರಿಗೆ ಸಮಯ ಕೊಡುತ್ತದೆ ಎನ್ನುವುದು. ಇಲ್ಲಿ ಸಕುರಾಳ ಬಳಿಗೆ ವಾಪಸ್ ಹೋದೆವು. ಕೈ ಹಚ್ಚದೆ ಮರ ಹತ್ತುವ ಅಭ್ಯಾಸದ ಕಂತು ನೆನಪಿದೆಯೇ? ಮೂವರಲ್ಲಿ ಮೊದಲ ಯತ್ನಕ್ಕೇ ಮೇಲೆ ಹತ್ತಿ ಕೊಂಬೆಯ ಮೇಲೆ ಕೂತವಳು ಸಕುರಾ. ಆಮೇಲೆ ಕ್ಯಾಮೆರಾ ದಿನಗಟ್ಟಲೆ ಬಿದ್ದು ಎದ್ದು ಹತ್ತುವ ನರುಟೊ, ಸಾಸುಕೆಯರ ಜೊತೆಗೇ ಉಳಿಯುತ್ತದೆ. ಅವಳು ಸೇತುವೆ ಕಟ್ಟುವ ಮುದುಕನಿಗೆ ಕಾವಲು. ಗೆದ್ದವಳಿಗೆ ಕಥೆಯಿಲ್ಲ! ಅಣ್ಣನ ಮಗ ಮುಖ ಸಣ್ಣದು ಮಾಡಿಕೊಂಡ, ಅವನ ಅಚ್ಚುಮೆಚ್ಚಿನ ಸರಣಿ ಅದು. ಮಾರನೆಯ ದಿನ ಅವನೇ ಇನ್ನೊಂದು ಕಂತು ಹುಡುಕಿ ತಂದ. ಕಾಡಿನಲ್ಲಿ ಶತ್ರು ಸಕುರಾಳ ಜಡೆ ಹಿಡಿದಿದ್ದಾಳೆ. ಸಾಸುಕೆಗೆ ಇಷ್ಟವೆಂದು ಬೆಳೆಸಿದ ಕೂದಲು. ಅವಳು ಕತ್ತಿಯಿಂದ ಅದನ್ನೇ ಕೊಯ್ದು ಬಿಡಿಸಿಕೊಳ್ಳುತ್ತಾಳೆ, ಪ್ರಜ್ಞೆಯಿಲ್ಲದೆ ಬಿದ್ದಿರುವ ಹುಡುಗರಿಬ್ಬರಿಗೂ ಅಡ್ಡ ನಿಲ್ಲುತ್ತಾಳೆ. ಮಗಳು ಆ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದಳು. ಹೀಗೆ ಒಂದು ಸರಣಿಯನ್ನು ಒಂದೇ ಕಂತಿನಿಂದ ಅಳೆಯಬೇಡಿ. ಬೈಯುವುದಕ್ಕೂ ಹೊಗಳುವುದಕ್ಕೂ ಮೂರು ನಾಲ್ಕು ಕಂತಾದರೂ ಬೇಕು.

ಹುಡುಗಿಗೆ ಸಮಯ ಕೊಟ್ಟದ್ದನ್ನು ನೋಡಬೇಕಿದ್ದರೆ ‘ದಿ ಲೆಜೆಂಡ್ ಆಫ್ ಕೊರ್ರಾ’ ಇದೆ. ಮೂರನೆಯ ಭಾಗದ ಕೊನೆಯಲ್ಲಿ ಕೊರ್ರಾಳಿಗೆ ವಿಷ ಹಾಕುತ್ತಾರೆ, ಗಾಲಿಕುರ್ಚಿ ಹಿಡಿಯುತ್ತಾಳೆ. ನಾಲ್ಕನೆಯ ಭಾಗದ ಎರಡನೆಯ ಕಂತು ಪೂರ್ತಿ ಅವಳು ಮತ್ತೆ ಹೆಜ್ಜೆ ಇಡುವುದಕ್ಕೇ ಮೀಸಲು. ಚಿಕ್ಕ ಮಕ್ಕಳಿಗೆ ಭಾರವಾಗಬಹುದು, ನೀವು ಮೊದಲು ನೋಡಿ.

ಮಧ್ಯವಯಸ್ಸಿನ ಹೆಂಗಸರನ್ನೂ ಲೆಕ್ಕ ಹಾಕಿ. ಬಹಳ ಸರಣಿಗಳಲ್ಲಿ ಅವರೇ ಇರುವುದಿಲ್ಲ. ಹಿರೊಮು ಅರಕಾವಾ ಎಂಬ ಲೇಖಕಿಯ ಮಂಗಾದಿಂದ, ಅಂದರೆ ಜಪಾನಿ ಚಿತ್ರಕಥೆಯಿಂದ, ಬಂದ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನಲ್ಲಿ ಇಜುಮಿ ಎಂಬಾಕೆ ಇದ್ದಾಳೆ, ಮಾಂಸದಂಗಡಿಯವನ ಹೆಂಡತಿ, ನಾಯಕ ಹುಡುಗರ ಗುರು. ಯಾರು ನೀನು ಎಂದು ಕೇಳಿದರೆ, ‘ಹೀಗೇ ಹೋಗ್ತಿದ್ದ ಗೃಹಿಣಿ!’ ಎನ್ನುತ್ತಾಳೆ. ಇದನ್ನು ಕೇಳಿ ಅಮ್ಮ ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟು, ‘ಎಲ್ಲಿ, ಅವಳನ್ನ ನಂಗೂ ತೋರಿಸು’ ಅಂದರು. ನಾಳೆ ರಾತ್ರಿ ಕಥೆ ಹೇಳುವ ಸರದಿ ಅಣ್ಣನ ಮಗನದು. ಕೆಂಪು ಪೆನ್ನು ಖಾಲಿಯಾಗಿದೆ, ಹೊಸ ರೀಫಿಲ್ ತರಬೇಕು.