ಆಟ ನೋಡಿ ಬಂದು ವಿಮರ್ಶೆ ಬರೆಯುವುದು ಹೇಗೆ?

ಯಕ್ಷಗಾನ ವಿಮರ್ಶೆ ಎಂದು ಪುರವಣಿಗಳಿಗೆ ಬರುವ ಬರಹಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ದೀಪ ಬೆಳಗಿದವರ ಹೆಸರು, ಸನ್ಮಾನ ಪಡೆದವರ ಹೆಸರು, ಆಮೇಲೆ ಉದ್ದಕ್ಕೆ ಪ್ರಸಂಗದ ಕತೆ, ಕೊನೆಗೆ ‘ಪಾತ್ರಕ್ಕೆ ಜೀವ ತುಂಬಿದರು’, ‘ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿದರು’. ಇದನ್ನು ಬರೆಯಲು ಆಟ ನೋಡಬೇಕಾಗಿಲ್ಲ, ಕರಪತ್ರವೊಂದಿದ್ದರೆ ಸಾಕು. ರಾತ್ರಿಯಿಡೀ ಬೆವರಿಳಿಸಿ ಕುಣಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಅರ್ಥವನ್ನು, ಎಂದರೆ ಪಾತ್ರದ ಮಾತನ್ನು, ಕಲಾವಿದರು ಅಲ್ಲಿಯೇ, ಆ ಹೊತ್ತಿಗೆ ಕಟ್ಟುತ್ತಾರೆ. ಯಾವ ಪದ್ಯ ಬಿಡಬೇಕು, ಯಾವ ಸಾಲನ್ನು ಮತ್ತೆ ಮತ್ತೆ ಎತ್ತಬೇಕು ಎನ್ನುವುದನ್ನು ತೀರ್ಮಾನಿಸುವವರು ಪದ್ಯ ಹಾಡುವ ಭಾಗವತರು. ಕತೆ ಓದುಗರಿಗೆ ಗೊತ್ತೇ ಇದೆ. ಆ ರಾತ್ರಿ ಆ ರಂಗಸ್ಥಳದಲ್ಲಿ ಯಾರು ಏನನ್ನು ಆರಿಸಿಕೊಂಡರು ಎಂಬುದು ಗೊತ್ತಿಲ್ಲ. ನೀವು ಹೇಳಬೇಕಾದದ್ದು ಅದನ್ನು.

1. ಹೋಗುವ ಮೊದಲು ಪದ್ಯ ಓದಿ

ಹಳೆಯ ಪ್ರಸಂಗಗಳ ಪ್ರತಿಗಳು ಪುಸ್ತಕವಾಗಿಯೂ ಪಿಡಿಎಫ್ ಆಗಿಯೂ ಸಿಗುತ್ತವೆ. ಓದಿ ಹೋದರೆ ಕಲಾವಿದರು ಪದ್ಯದೊಳಗಿನಿಂದ ಅರ್ಥ ತೆಗೆದರೋ, ಪದ್ಯವನ್ನು ಬಿಟ್ಟು ತಮ್ಮ ಭಾಷಣ ಮಾಡಿದರೋ ತಿಳಿಯುತ್ತದೆ. ಆಟ ಯಾವ ತಿಟ್ಟಿನದು, ತೆಂಕು ಶೈಲಿಯದೋ ಬಡಗು ಶೈಲಿಯದೋ ಎಂದೂ ಗೊತ್ತಿರಬೇಕು. ತೆಂಕಿನ ಧೀಂಗಿಣವನ್ನು (ಹಾರಿ ಸುತ್ತುವ ಕುಣಿತ) ಬಡಗಿನಲ್ಲಿ ಹುಡುಕುವುದು, ಬಡಗಿನ ಮಂಡಿಯನ್ನು (ಮೊಣಕಾಲೂರಿ ತಿರುಗುವ ಕುಣಿತ) ತೆಂಕಿನಲ್ಲಿ ಹುಡುಕುವುದು, ಎರಡೂ ತಪ್ಪು.

2. ಕೂರುವ ಜಾಗ

ನಡುವೆ, ಮೂರನೆಯ ಅಥವಾ ನಾಲ್ಕನೆಯ ಸಾಲು. ಧ್ವನಿವರ್ಧಕದ ಪಕ್ಕ ಬೇಡ. ಜೆಲ್ ಪೆನ್ನೂ ಬೇಡ, ಬಯಲಾಟದ ಇಬ್ಬನಿಗೆ ಪುಟವೆಲ್ಲ ಕಲಸಿಹೋಗುತ್ತದೆ. ಪೆನ್ಸಿಲ್, ಸಣ್ಣ ಪುಸ್ತಕ ಸಾಕು.

ವೇಷ ಕಟ್ಟುವ ಚೌಕಿಗೆ ಹೋಗುವುದಾದರೆ ಆಟಕ್ಕೆ ಮೊದಲು ಹೋಗಿ, ಪಾತ್ರ ಹಂಚಿಕೆ ಕೇಳಿಕೊಂಡು ಬಂದುಬಿಡಿ. ಅಲ್ಲಿ ಕೂತು ಚಹಾ ಕುಡಿದು ಹರಟಿದ ಮೇಲೆ ಖಾರವಾಗಿ ಬರೆಯಲು ಯಾರಿಗೂ ಕೈ ಏಳುವುದಿಲ್ಲ.

3. ಟಿಪ್ಪಣಿ: ಹೆಚ್ಚಿನವರು ಎಡವುವುದು ಇಲ್ಲೇ

ನೋಡುತ್ತ ನೋಡುತ್ತ ‘ಚೆನ್ನಾಗಿತ್ತು’, ‘ಅಮೋಘ’, ‘ಸಪ್ಪೆ’ ಎಂದು ಗುರುತು ಹಾಕಿಕೊಂಡವರಿಗೆ ಮರುದಿನ ಬರೆಯಲು ಕೂತಾಗ ಏನೂ ನೆನಪಾಗುವುದಿಲ್ಲ. ಅಭಿಪ್ರಾಯ ಬರೆದುಕೊಳ್ಳಬೇಡಿ. ಕಂಡದ್ದು, ಕೇಳಿದ್ದು ಮಾತ್ರ ಬರೆದುಕೊಳ್ಳಿ.

‘ಕೃಷ್ಣ ಸಂಧಾನ’ವನ್ನೇ ತೆಗೆದುಕೊಳ್ಳಿ. ಕೃಷ್ಣ ಬಂದರೆ ಯಾರೂ ಏಳಕೂಡದು ಎಂದು ಕೌರವನು ಸಭೆಗೆ ಕಟ್ಟಪ್ಪಣೆ ಮಾಡಿರುತ್ತಾನೆ. ಕೃಷ್ಣ ಕಾಲ ಉಂಗುಟದಿಂದ ನೆಲ ಒತ್ತುತ್ತಾನೆ, ಕೌರವ ಸಿಂಹಾಸನದಿಂದ ಉರುಳುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ನೀವು ನೋಡಬೇಕಾದದ್ದು, ಈ ಕೌರವ ಹೇಗೆ ಬಿದ್ದ? ದೊಪ್ಪನೆ ಬಿದ್ದು ಸಭೆಯನ್ನು ನಗಿಸಿದನೇ? ಬೀಳುವಾಗಲೂ ಒಂದು ಕೈ ಆಸನದ ಅಂಚನ್ನು ಹಿಡಿದಿತ್ತೇ? ಬಿದ್ದ ಮೇಲೆ ಮೊದಲು ಯಾರನ್ನು ನೋಡಿದ, ಕೃಷ್ಣನನ್ನೋ, ತನ್ನ ಮಾತಿಗೆ ಕಟ್ಟುಬಿದ್ದು ಏಳದೆ ಕೂತ ಸಭೆಯನ್ನೋ? ಎದ್ದವನು ಆಡಿದ ಮೊದಲ ಮಾತು ಯಾವುದು? ಆಕಸ್ಮಿಕವೆಂದು ತೇಲಿಸಿದನೋ, ಮಾಯಾವಿಯೆಂದು ಕೆರಳಿದನೋ, ಏನೂ ಆಗದವನಂತೆ ಕಿರೀಟ ಸರಿಮಾಡಿಕೊಂಡನೋ? ಇವುಗಳಲ್ಲಿ ಒಂದೊಂದೂ ಒಬ್ಬೊಬ್ಬ ಬೇರೆ ಕೌರವನನ್ನು ತಂದು ನಿಲ್ಲಿಸುತ್ತದೆ. ‘ಬಿದ್ದವನು ಕೃಷ್ಣನ ಮುಖ ನೋಡಲಿಲ್ಲ, ಭೀಷ್ಮ, ದ್ರೋಣ, ವಿದುರರನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸಿದ’ ಎಂದು ನೀವು ಬರೆದರೆ ಆ ಕಲಾವಿದರು ಪಾತ್ರವನ್ನು ಎಷ್ಟು ಯೋಚಿಸಿದ್ದಾರೆಂದು ಓದುಗನಿಗೆ ತಾನಾಗಿ ತಿಳಿಯುತ್ತದೆ. ‘ಜೀವ ತುಂಬಿದರು’ ಎನ್ನುವ ಅಗತ್ಯವೇ ಬೀಳುವುದಿಲ್ಲ.

ಮಾತಿನ ವಿಷಯದಲ್ಲೂ ಹೀಗೆಯೇ. ಸಂವಾದದಲ್ಲಿ ಒಬ್ಬರು ಎಸೆದ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಟ್ಟರೇ, ತಾವು ಕಟ್ಟಿಕೊಂಡು ಬಂದಿದ್ದ ಮಾತನ್ನೇ ಒಪ್ಪಿಸಿದರೇ ಎಂದು ಗಮನಿಸಿ. ಮುಖ್ಯವೆನಿಸಿದ ಎರಡು ಮೂರು ಮಾತುಗಳನ್ನು ಆಡಿದ ಹಾಗೆಯೇ ಬರೆದುಕೊಳ್ಳಿ. ಉದ್ಧರಣ ಚಿಹ್ನೆಯೊಳಗೆ ನಿಮ್ಮ ಮಾತು ಸೇರಬಾರದು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಫೋನಿನ ಮೈಕಿನಲ್ಲಿ ಚೆಂಡೆ ಮುಂದೆ ಬರುತ್ತದೆ, ಮಾತು ಮುಳುಗುತ್ತದೆ. ಧ್ವನಿಯನ್ನು ಅಕ್ಷರ ಮಾಡಿಕೊಡುವ ಆ್ಯಪ್‌ಗಳಿಗೆ ಅರ್ಥಗಾರಿಕೆಯ ಕನ್ನಡ ದಕ್ಕುವುದಿಲ್ಲ, ತಿದ್ದುವುದರಲ್ಲೇ ಬೆಳಗಾಗುತ್ತದೆ. ಯೂಟ್ಯೂಬಿನ ತುಣುಕು ನೋಡಿ ಬರೆಯುವುದಂತೂ ಬೇಡವೇ ಬೇಡ. ಕ್ಯಾಮೆರಾ ಮಾತಾಡುವವರ ಮುಖಕ್ಕೆ ಹೋಗಿರುತ್ತದೆ. ಕೇಳುತ್ತ ನಿಂತ ವೇಷ ಏನು ಮಾಡುತ್ತಿತ್ತೆಂದು ನಿಮಗೆ ಕಾಣುವುದಿಲ್ಲ. ಒಳ್ಳೆಯ ಕಲಾವಿದರು ಗೊತ್ತಾಗುವುದೇ ಅಲ್ಲಿ, ತಮ್ಮ ಸರದಿ ಅಲ್ಲದಾಗ.

4. ಹಿಮ್ಮೇಳವನ್ನು (ಹಾಡು, ಮದ್ದಳೆ, ಚೆಂಡೆ) ಕೇಳಿ

‘ಭಾಗವತರ ಕಂಠ ಸುಮಧುರವಾಗಿತ್ತು’ ಎಂದು ಮುಗಿಸಬೇಡಿ. ಕಂಠ ಇಂಪಾಗಿದ್ದೂ ಸಾಹಿತ್ಯ ಕೇಳಿಸದ ರಾತ್ರಿಗಳಿರುತ್ತವೆ. ಪದ್ಯದ ಅಕ್ಷರ ಸ್ಪಷ್ಟವಿತ್ತೇ, ಆಲಾಪದ ಆಸೆಗೆ ವೇಷಧಾರಿಯನ್ನು ಸುಮ್ಮನೆ ನಿಲ್ಲಿಸಿದರೇ, ಯುದ್ಧದ ಏರುಪದ್ಯಕ್ಕೆ ಮೊದಲೇ ಚೆಂಡೆ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿಬಿಟ್ಟಿತೇ? ತಾಳಗಳ ಹೆಸರು ಗೊತ್ತಿಲ್ಲದಿದ್ದರೆ ಬರೆಯಬೇಡಿ. ಊಹಿಸಿ ಬರೆದ ಒಂದು ತಾಳದ ಹೆಸರು ಇಡೀ ವಿಮರ್ಶೆಯ ಮಾನ ಕಳೆಯುತ್ತದೆ.

5. ಬರೆಯುವುದು

ಮರುದಿನವೇ ಬರೆಯಿರಿ. ಕತೆಗೆ ಎರಡು ವಾಕ್ಯ, ಹೆಚ್ಚಿಲ್ಲ. ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಸನ್ನಿವೇಶದಿಂದ ಶುರುಮಾಡಿ. ಎಲ್ಲ ಪಾತ್ರಗಳಿಗೂ ಒಂದೊಂದು ವಾಕ್ಯ ಹಂಚುವ ಸಮಾನತೆ ಬೇಡ. ಹತ್ತು ನಿಮಿಷ ಬಂದುಹೋದ ಹಾಸ್ಯದ ದೂತ ಆ ರಾತ್ರಿ ಎಲ್ಲರಿಗಿಂತ ಚೆನ್ನಾಗಿದ್ದರೆ ಅವನಿಗೇ ಒಂದು ಪ್ಯಾರಾ ಕೊಡಿ.

ಹಿಂದಿನವರೊಡನೆ ಹೋಲಿಸುವಾಗ ಜೋಪಾನ. 2017ರಲ್ಲಿ ತೀರಿಕೊಂಡ ಬಡಗಿನ ಹೆಸರಾಂತ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರನ್ನು ಎಳೆತಂದು ‘ಅವರ ಹಾಗಿಲ್ಲ’ ಎಂದುಬಿಡುವುದು ಸುಲಭ. ಯಾವ ಹೆಜ್ಜೆ, ಯಾವ ನೋಟ, ಯಾವ ಪದ್ಯದಲ್ಲಿ ಎಂದು ಹೇಳಲಾಗದಿದ್ದರೆ ಆ ಸಾಲು ಹೊಡೆದುಹಾಕಿ. ಮೊದಲ ವರ್ಷದ ತಿರುಗಾಟದಲ್ಲಿರುವ ಹುಡುಗರ ತಪ್ಪನ್ನು ಬರೆಯಬಾರದೆಂದಿಲ್ಲ, ತಿದ್ದಿಕೊಳ್ಳುವಂತೆ ಬರೆಯಿರಿ. ‘ನಾಟ್ಯ ದುರ್ಬಲ’ ಎಂದರೆ ಅವನಿಗೇನೂ ಸಿಗುವುದಿಲ್ಲ. ‘ಪ್ರವೇಶದ ಕುಣಿತದಲ್ಲೇ ದಣಿದು ಮೊದಲ ಪದ್ಯದ ಅರ್ಥಕ್ಕೆ ಉಸಿರು ಉಳಿಯಲಿಲ್ಲ’ ಎಂದರೆ ಮರುದಿನದ ಆಟಕ್ಕೇ ಅದು ಉಪಯೋಗಕ್ಕೆ ಬರುತ್ತದೆ.

6. ಹೆಸರುಗಳು

ಕರಪತ್ರದಲ್ಲಿದ್ದವರೇ ಕುಣಿದಿರುತ್ತಾರೆಂದು ನಂಬಬೇಡಿ. ಕೊನೆಯ ಗಳಿಗೆಯಲ್ಲಿ ವೇಷ ಬದಲಾಗುವುದು ಮೇಳಗಳಲ್ಲಿ ಮಾಮೂಲು. ಮದ್ದಳೆ, ಚೆಂಡೆಯವರ ಹೆಸರು ಬಿಡಲೇಬೇಡಿ. ಕರಾವಳಿಯಲ್ಲಿ ಒಂದೇ ಹೆಸರಿನ ಕಲಾವಿದರು ಹಲವರಿರುವುದರಿಂದ ಊರ ಹೆಸರೂ ಇರಲಿ. ಸಂದೇಹವಿದ್ದರೆ ಮೇಳದ ಮ್ಯಾನೇಜರಿಗೆ ಮಧ್ಯಾಹ್ನದ ಮೇಲೆ ಫೋನ್ ಮಾಡಿ. ಬೆಳಿಗ್ಗೆ ಅವರು ಮಲಗಿರುತ್ತಾರೆ.