ಮುರಕಲ್ಲು ಗೋಡೆಯ ಪಸೆ: ಬುಡದಲ್ಲಿ ಕಟ್ಟಬೇಕು, ಮೇಲೆ ಬಿಚ್ಚಬೇಕು

ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಹಳೆಯ ಗೋಡೆಗೆ ಸುಣ್ಣದ ಸಾರಣೆ ಮಾಡುತ್ತೇನೆ ಎಂದಾಗ ಮೇಸ್ತ್ರಿಗಳೆಲ್ಲ ಕೇಳಿದ್ದು ಒಂದೇ: "ನಮ್ಮ ಮಳೆಗೆ ಅದು ನಿಲ್ಲುವುದುಂಟಾ?" ನಿಂತಿದೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲೂ ಗೋಡೆಗೆ ಅಂಗೈ ಒತ್ತಿದರೆ ಪಸೆ ತಾಗುವುದಿಲ್ಲ. ದಕ್ಷಿಣ ಕನ್ನಡದ ಹಂಚಿನ ಮನೆ, 15 ಇಂಚು ದಪ್ಪದ ಗೋಡೆ, ಮಣ್ಣಿನ ಗಾರೆಯ ಕಟ್ಟಣೆ, ಪಂಚಾಂಗದ (ತಳಪಾಯದ) ಮೇಲೆ ಪಸೆ ತಡೆಯುವ ಪದರವೇ ಇಲ್ಲ. ಕೆಲಸ ನಡೆದದ್ದು 28 ಅಡಿ ಉದ್ದಕ್ಕೆ.

ಇದಕ್ಕೆ ಮೊದಲು ಈ ಗೋಡೆ ತಿಂದ ದುಡ್ಡು 60 ಸಾವಿರಕ್ಕೆ ಕಡಿಮೆಯಿಲ್ಲ. ವಾಟರ್‌ಪ್ರೂಫ್ ಪೌಡರ್ ಬೆರೆಸಿದ ಸಿಮೆಂಟ್ ಸಾರಣೆ ಹಾಕಿದಾಗ ಎರಡೂವರೆ ಅಡಿಯಲ್ಲಿದ್ದ ಪಸೆ ನಾಲ್ಕೂವರೆ ಅಡಿಗೆ ಏರಿತು. ಕಾರಣ ಸರಳ: ನೆಲದಿಂದ ಹೀರಿದ ನೀರು ಮೊದಲು ಕೆಳಗೇ ಆರಿಹೋಗುತ್ತಿತ್ತು, ಅಲ್ಲಿ ದಾರಿ ಮುಚ್ಚಿದ್ದರಿಂದ ಮೇಲೆ ದಾರಿ ಹುಡುಕಿತು. ಡ್ಯಾಂಪ್‌ಪ್ರೂಫ್ ಪೈಂಟ್ ಒಂದೇ ಮಳೆಗಾಲದಲ್ಲಿ ಗುಳ್ಳೆ ಎದ್ದು ಹಾಳೆಹಾಳೆಯಾಗಿ ಕಳಚಿತು. ಪೈಂಟನ್ನು ತಳ್ಳುವುದು ನೀರಿಗಿಂತ ಹೆಚ್ಚಾಗಿ ಅದರ ಹಿಂದೆ ಹರಳುಗಟ್ಟುವ ಉಪ್ಪು. ಗೋಡೆಗೆ ನಾಲ್ಕು ಅಡಿ ಟೈಲ್ಸ್ ಹಾಕಿಸಿದರೂ ಕತೆ ಅದೇ, ಟೈಲ್ಸಿನ ಮೇಲಂಚಿನಲ್ಲಿ ಉಪ್ಪು ಹೂವು ಬಿಡುತ್ತದೆ. ಇನ್ನು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್. ಮಾಡಿಗೆ (ಛಾವಣಿಗೆ) ಅಟ್ಟವಿಲ್ಲದ ಹಂಚಿನ ಮನೆಯಲ್ಲಿ ಹೊರಗಿನ ಗಾಳಿ ಬರುತ್ತಲೇ ಇರುವುದರಿಂದ ಅದು ಸುಮ್ಮನೆ ಕರೆಂಟು ತಿನ್ನುತ್ತದೆ.

ಪಸೆ ಎಲ್ಲಿಂದ ಬರುತ್ತಿದೆ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಟ್ಟರೆ, ಹಾಳೆಯ ಒಳಮುಖ ಬೆವತರೆ ಗೋಡೆಯದು, ಹೊರಮುಖ ಬೆವತರೆ ಕೋಣೆಯ ಗಾಳಿಯದು. ಬೇಸಿಗೆಯಲ್ಲೂ ಒಂದೇ ಜಾಗ ಒದ್ದೆಯಿದ್ದರೆ ಪೈಪು ನೋಡಿ. ಮುಳ್ಳು ಚುಚ್ಚಿ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಉಪ್ಪು ಹಿಡಿದ ಗೋಡೆಯಲ್ಲಿ ನಂಬಿಕೆಗೆ ಬಾರದು, ಒಣಗಿದ ಮೇಲೂ ಒದ್ದೆ ಎಂದೇ ತೋರಿಸುತ್ತದೆ. ನಾನು ನಾಲ್ಕು ಇಂಚು ಆಳದಿಂದ ಡ್ರಿಲ್ ಪುಡಿ ತೆಗೆದು, ಸಣ್ಣ ತಕ್ಕಡಿಯಲ್ಲಿ ತೂಗಿ, ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿ ಮತ್ತೆ ತೂಗಿದೆ. ಆರಂಭದಲ್ಲಿ ನೂರಕ್ಕೆ ಹದಿನಾಲ್ಕರಷ್ಟು ನೀರಿತ್ತು.

ಹೊರಗಿನ ಕೆಲಸ ಮೊದಲು. ಅಂಗಳದ ಮಣ್ಣು ವರ್ಷವರ್ಷ ಏರಿ ಒಳನೆಲದ ಮಟ್ಟಕ್ಕೆ ಬಂದಿತ್ತು, ಅದನ್ನು ಒಂದಡಿ ತಗ್ಗಿಸಿ, ಗೋಡೆಯಿಂದ ಆಚೆಗೆ ಮೂರು ಅಡಿಗೆ ಒಂದೂವರೆ ಇಂಚು ಇಳಿಜಾರು ಕೊಟ್ಟದ್ದಾಯಿತು. ಮಾಡಿನ ನೀರಿಗೆ ದಂಬೆ (ನೀರು ಸಾಗಿಸುವ ದೋಣಿ). ಪಂಚಾಂಗದ ಹೊರಮುಖಕ್ಕೆ ಸಾರಣೆ ಬೇಡ, ಕಲ್ಲು ಬೋಳಾಗಿಯೇ ಇರಲಿ, ಸಂದುಗಳಿಗೆ ಮಾತ್ರ ಸುಣ್ಣದ ಗಾರೆ ತುಂಬಿ. ಅಲ್ಲಿಂದ ನೀರು ಆರಿದಷ್ಟೂ ಲಾಭ.

ದೀಪಾವಳಿ ಕಳೆದ ಕೂಡಲೇ ಹಳೆಯ ಸಾರಣೆ ಕೀಳಬೇಕು, ಕಲೆ ಕಾಣುವುದಕ್ಕಿಂತ ಒಂದೂವರೆ ಅಡಿ ಮೇಲಿನವರೆಗೆ. ಸಂದುಗಳನ್ನು ಮುಕ್ಕಾಲು ಇಂಚು ಕೆರೆಯಿರಿ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉದುರಿಸಿ, ಗೋಣಿಯಲ್ಲಿ ಹಿಡಿದು ಹೊರಗೆ ಸಾಗಿಸಿ. ನೀರು ಹಾಕಿ ತೊಳೆದರೆ ಅದೇ ಉಪ್ಪು ಕರಗಿ ಒಳಗೆ ಇಳಿಯುತ್ತದೆ. ಹೀಟರ್ ಇಡಬೇಡಿ, ಕಿಟಕಿ ತೆರೆದು ಫ್ಯಾನ್ ಸಾಕು. ಗೋಡೆ ಒಣಗಲು ದಪ್ಪದ ಇಂಚಿಗೆ ಒಂದು ತಿಂಗಳು ಎನ್ನುವ ಲೆಕ್ಕ ಇದೆ, ಆದರೆ ಎರಡೂ ಮುಖ ಬಿಚ್ಚಿದ್ದರೆ ನಮ್ಮ ಬಿಸಿಲಿಗೆ ಅಷ್ಟು ಬೇಡ. ಫೆಬ್ರವರಿ ಕೊನೆಗೆ ನೀರಿನ ಅಂಶ ಐದಾರಕ್ಕೆ ಇಳಿದಿತ್ತು.

ಉಪ್ಪು ಎಳೆಯಲು ಒಂದು ಪ್ರಯೋಗ ಮಾಡಿದೆ. ಹಳೆಯ ನ್ಯೂಸ್‌ಪೇಪರನ್ನು ನೆನೆಸಿ ಅರೆದು, ತೊಳೆದ ಹೊಯಿಗೆ (ಮರಳು) ಬೆರೆಸಿ ಮುಕ್ಕಾಲು ಇಂಚು ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತದ್ದು. ಕಲ್ಲಿನಿಂದ ಕೆರೆದ 10 ಗ್ರಾಂ ಪುಡಿಯನ್ನು 100 ಮಿ.ಲೀ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕದಡಿ, ಕುಡಿಯುವ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಮೊದಲು 1,800ರ ಹತ್ತಿರ, ಹೀಗೆ ಮೂರು ಸಲ ಮೆತ್ತಿ ಕಿತ್ತ ಮೇಲೆ 400ರ ಆಸುಪಾಸು. ಪುಡಿ ಕಲ್ಲಿನದೇ ಆಗಿರಬೇಕು, ಹಳೆಯ ಸಾರಣೆಯ ಸುಣ್ಣವೋ ಸಿಮೆಂಟೋ ಬೆರೆತರೆ ಅಂಕಿ ಕೆಡುತ್ತದೆ.

ಪಸೆ ಏರದಂತೆ ಬುಡ ಕಟ್ಟಿದ್ದು ಸೈಲೇನ್ ಕ್ರೀಮಿನಿಂದ, ಅಂದರೆ ಗೋಡೆ ನೀರು ಹೀರದಂತೆ ಮಾಡುವ ರಾಸಾಯನಿಕದಿಂದ. ಒಳನೆಲಕ್ಕಿಂತ ಸ್ವಲ್ಪ ಮೇಲಿನ ಸಂದಿನಲ್ಲಿ, 12 ಎಂಎಂ ಬಿಟ್, ಐದು ಇಂಚಿಗೊಂದು ತೂತು, 13 ಇಂಚು ಆಳ. ತೆಳು ದ್ರಾವಣ ಮುರಕಲ್ಲಿಗೆ ಆಗಿಬರುವುದಿಲ್ಲ. ಕಲ್ಲಿನ ಪೊಳ್ಳುಗಳಲ್ಲಿ ಎಲ್ಲಿಗೋ ಇಳಿದುಹೋಗುತ್ತದೆ, ಎಷ್ಟು ಹೊಯ್ದರೂ ತುಂಬುವುದಿಲ್ಲ. ಮಣ್ಣಿನ ಗಾರೆಯಲ್ಲಿ ಕ್ರೀಮು ಕೂಡ ಜಾರಿಹೋಗುವ ಜಾಗಗಳಿವೆ. ಅಂಥಲ್ಲಿ ಸುಣ್ಣ ಮತ್ತು ಇಟ್ಟಿಗೆ ಪುಡಿಯ ನೀರುಗಾರೆ ತುಂಬಿ, ಗಟ್ಟಿಯಾದ ಮೇಲೆ ಅದರಲ್ಲೇ ಮತ್ತೆ ತೂತು ಕೊರೆಯಬೇಕು. ತೂತಿನ ಪುಡಿಯನ್ನು ಸೈಕಲ್ ಪಂಪಿನಲ್ಲಿ ಊದಿ. ಕ್ರೀಮನ್ನು ತೂತಿನ ಕೊನೆಯಿಂದ ಹಿಂದಕ್ಕೆ ತುಂಬುತ್ತಾ ಬನ್ನಿ, ಬಾಯಿಯಿಂದ ತುಂಬಿದರೆ ನಡುವೆ ಗಾಳಿ ಉಳಿಯುತ್ತದೆ. ನಳಿಕೆಗೆ ನಾನು ಮಾಡಿಕೊಂಡ ಏರ್ಪಾಡೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ. ಲೆಕ್ಕಕ್ಕೆ ಎರಡೂವರೆ ಲೀಟರ್, ಹಿಡಿದದ್ದು ಮೂರೂವರೆಯ ಹತ್ತಿರ. ಸಾರಣೆಗೆ ಮೊದಲು ಒಂದು ತಿಂಗಳು ಬಿಡಿ.

ಸಾರಣೆ: ನೆನೆಸಿಟ್ಟ ಚಿಪ್ಪು ಸುಣ್ಣ 1, ಇಟ್ಟಿಗೆ ಪುಡಿ 1, ಹೊಯಿಗೆ 2. ಎರಡೂ ಮುಖಕ್ಕೆ ಸೇರಿ ಸುಣ್ಣ ಏಳು ಘನ ಅಡಿ, ಹೊಯಿಗೆ ಹದಿನಾಲ್ಕರಷ್ಟು ಬೇಕಾಯಿತು. ಅಳಿವೆ ಹತ್ತಿರದ ಹೊಯಿಗೆಯಾದರೆ ಉಪ್ಪು ಹೋಗುವವರೆಗೆ ತೊಳೆಯಿರಿ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸಿದರೆ ಕರಣೆಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಅಳತೆ ಹೇಳುವುದಿಲ್ಲ, ಬೆಲ್ಲ ಹೆಚ್ಚಾದರೆ ಗಟ್ಟಿಯಾಗುವುದೇ ಇಲ್ಲ ಎಂದಷ್ಟೇ ಎಚ್ಚರಿಸುತ್ತೇನೆ. ಮೊದಲ ಪದರ 12 ಎಂಎಂ, ಹತ್ತು ದಿನ ಬಿಟ್ಟು 8 ಎಂಎಂ. ಬಿಸಿಲಿಗೆ ಒದ್ದೆ ಗೋಣಿ ಇಳಿಬಿಡಿ, ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ. "ಒಂದು ಬುಟ್ಟಿ ಸಿಮೆಂಟ್ ಹಾಕಿದರೆ ಬೇಗ ಮುಗಿಯುತ್ತದೆ" ಎನ್ನುವವರಿರುತ್ತಾರೆ. ಒಪ್ಪಬೇಡಿ.

ಖರ್ಚು 45 ಸಾವಿರದೊಳಗೆ. ಕ್ರೀಮಿಗೆ ಹತ್ತು ಸಾವಿರದ ಆಚೀಚೆ, ಸುಣ್ಣ, ಹೊಯಿಗೆ, ಪುಡಿಗೆ ಏಳೆಂಟು ಸಾವಿರ, ಉಳಿದದ್ದು ಕೂಲಿ. ಕೀಳುವುದಕ್ಕೇ ಕೂಲಿ ಹೆಚ್ಚು ಹೋಗುತ್ತದೆ, ಮೇಸ್ತ್ರಿಗಳು ಲೆಕ್ಕ ಹಾಕುವಾಗ ಅದನ್ನೇ ಕಡಿಮೆ ಹೇಳುತ್ತಾರೆ.

ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮೂರು ಕೈ ತೆಳು ಸುಣ್ಣ ಬಳಿದು ಮುಗಿಸಿ. ಮೊದಲ ಮಳೆಗಾಲಕ್ಕೆ ಹೊರಮುಖಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟಬೇಕು, ಹಸಿ ಸುಣ್ಣಕ್ಕೆ ಎರಚಲು ತಾಳಿಕೊಳ್ಳುವ ಶಕ್ತಿ ಬಂದಿರುವುದಿಲ್ಲ. ಒಳಗೆ ಅಲ್ಲಲ್ಲಿ ಬಿಳಿ ಹುಡಿ ಕಾಣಿಸಿದರೆ ಗಾಬರಿ ಬೇಡ, ಉಳಿದ ಉಪ್ಪು ಹೊರಬರುತ್ತಿದೆ. ಒಣ ಬ್ರಷ್‌ನಲ್ಲಿ ಉದುರಿಸಿ, ಮುಂದಿನ ಬೇಸಿಗೆಯಲ್ಲಿ ಅಲ್ಲಿಗೆ ಮಾತ್ರ ಇನ್ನೊಂದು ಕೈ ಸುಣ್ಣ ಕೊಡಿ. ಪುಟ್ಟಿ, ಎಮಲ್ಷನ್ ಎರಡನ್ನೂ ಈ ಗೋಡೆಯ ಹತ್ತಿರ ತರಬೇಡಿ. ಬಣ್ಣ ಬೇಕೇ ಬೇಕೆಂದರೆ ಸುಣ್ಣಕ್ಕೇ ಕಾವಿ ಬೆರೆಸಿ ಬಳಿಯಿರಿ.